ಹೆಡ್‌ಫೋನ್ ಟೆಸ್ಟಿಗೆ ಎರಡು ಗುಂಡು

ಕಳೆದ ಭಾನುವಾರ ನಮ್ಮ ಅಜ್ಜನ ಸಾವಿಗೆ ಊರಿನವರೆಲ್ಲ ಬಂದರು. ಅಜ್ಜನೂ ಬಂದರು. ಬಿಳಿ ಪಂಚೆ, ಬಿಳಿ ಶರ್ಟು, ಕೈಯಲ್ಲಿ ಕೊಡೆ. ಜಗಲಿಯಲ್ಲಿ ನಿಂತು ಎಲ್ಲರಿಗಿಂತ ಮೊದಲು ಕೇಳಿದವರೂ ಅವರೇ: "ಯಾರು ಹೋದದ್ದು?"

ತಪ್ಪು ನನ್ನದಲ್ಲ, ಬ್ಲೂಟೂತಿನದು ಎಂದು ವಾರವಿಡೀ ವಾದ ಮಾಡುತ್ತಿದ್ದೇನೆ. ಯಾರೂ ಒಪ್ಪುತ್ತಿಲ್ಲ. ನೀವಾದರೂ ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ನನಗೂ ನನ್ನ ಗೆಳೆಯ ದೀಪುವಿಗೂ ಇರುವುದು ಒಂದೇ ಕಾಯಿಲೆ. ಅವನದು ಕಣ್ಣಿಗೆ, ನನ್ನದು ಕಿವಿಗೆ. ಗದ್ದೆಯ ಆ ಬದಿಗೆ ಅವನ ಮನೆ, ಈ ಬದಿಗೆ ನಮ್ಮದು. ಅವನು ಕ್ಯಾಮೆರಾಕ್ಕೆ ಯಾವ ಲೆನ್ಸ್ ತೆಗೆದುಕೊಳ್ಳುವುದೆಂದು ಒಂದು ಇಡೀ ಮಳೆಗಾಲ ಯೋಚಿಸಿದ. ಪ್ರೈಮಾ, ಜೂಮಾ? ಹೊಸದಾ, ಸೆಕೆಂಡ್ ಹ್ಯಾಂಡಾ? ಅವನ ಅಕ್ಕನಿಗೆ ಗಂಡು ಹುಡುಕುವಾಗಲೂ ಮನೆಯವರು ಇಷ್ಟು ವಿಚಾರಿಸಿರಲಿಲ್ಲ. ಕೊನೆಗೆ ಒನಕೆಯಷ್ಟು ದಪ್ಪದ ಒಂದು ಜೂಮ್ ತಂದ. ಈಗ ಅವನ ಅಂಗಳದಲ್ಲಿ ಕೂತರೆ ನಮ್ಮ ಹಲಸಿನ ಮರದ ಹಕ್ಕಿಯ ರೆಪ್ಪೆ ಕಾಣುತ್ತದೆ. (ಹಕ್ಕಿಗೆ ರೆಪ್ಪೆ ಇದೆಯಾ ಎಂದು ನಾನು ಕೇಳಲಿಲ್ಲ. ಲೆನ್ಸಿನವರ ಹತ್ತಿರ ಅಂಥದ್ದೆಲ್ಲ ಕೇಳಬಾರದು, ರಾತ್ರಿಯವರೆಗೆ ಬಿಡುವುದಿಲ್ಲ.)

ಹೊರಗಿನ ಸದ್ದನ್ನೆಲ್ಲ ನುಂಗಿಬಿಡುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಒಂದನ್ನು ಅವನಿಗೆ ಆರಿಸಿಕೊಟ್ಟವನು ನಾನು. "ಹಾಕ್ಕೊಂಡು ಹಕ್ಕಿ ಫೋಟೋ ಎಡಿಟ್ ಮಾಡು ಮಾರಾಯ, ಲೋಕ ಮರ್ತು ಹೋಗ್ತದೆ" ಅಂದಿದ್ದೆ. ಈ ಮಾತನ್ನು ದಯವಿಟ್ಟು ನೆನಪಿಡಿ.

ನನಗೆ ಇನ್ನೂ ಒಂದು ಚಟ ಉಂಟು. ಮಿಮಿಕ್ರಿ. ಊರಿನಲ್ಲಿ ನಾನು ಬಿಟ್ಟವರಿಲ್ಲ. ಪಕ್ಕದ ತೋಟದ ಬೆಳ್ಯಪ್ಪ ಮಾವನ ದನಿಯಲ್ಲಿ ಫೋನ್ ಮಾಡಿ ಮೊಯ್ದು ಕಾಕನ ಬಾಡಿಗೆ ಜೀಪನ್ನು ಮನೆ ಬಾಗಿಲಿಗೆ ತರಿಸಿಕೊಂಡಿದ್ದೇನೆ. ಅಂದಿನಿಂದ ಮಾವ ನಿಜವಾಗಿ ಫೋನ್ ಮಾಡಿದರೂ ಕಾಕ ನಾನೇ ಎಂದುಕೊಂಡು, "ಇಡು ಮೋನೆ ಫೋನು, ನಂಗೆ ಕೆಲಸ ಉಂಟು" ಅನ್ನುತ್ತಾರಂತೆ. (ಮೋನೆ ಎಂದರೆ ಮಲಯಾಳದಲ್ಲಿ ಮಗನೇ.) ಮಾವ ಈಗ ಜೀಪು ಬೇಕಾದರೆ ನಡೆದೇ ಹೋಗಿ ಕರೆಯುತ್ತಾರೆ.

ಇರಲಿ. ಭಾನುವಾರಕ್ಕೆ ಬರೋಣ.

ನನ್ನ ಮುಂದೆ ಎರಡು ಹೆಡ್‌ಫೋನ್‌ಗಳಿದ್ದವು. ಒಂದು ದೀಪುವಿನಂಥದ್ದೇ, ಇನ್ನೊಂದು ಬೇರೆ ಕಂಪನಿಯದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬೇಕು. ಹೆಡ್‌ಫೋನ್ ಹುಚ್ಚರಿಗೆ ಇದಕ್ಕೊಂದು ಶಾಸ್ತ್ರವಿದೆ: ಒಂದೇ ಶಬ್ದವನ್ನು ಒಂದರಲ್ಲಿ ಕೇಳಿ, ತಕ್ಷಣ ಇನ್ನೊಂದರಲ್ಲಿ ಕೇಳಬೇಕು. ತಡ ಮಾಡಿದರೆ ಕಿವಿ ಮರೆತುಬಿಡುತ್ತದೆ. ಶಬ್ದವೂ ಚುರುಕಾಗಿರಬೇಕು. ತಟ್ಟನೆ ಹುಟ್ಟಿ ತಟ್ಟನೆ ಸಾಯಬೇಕು.

ಅಂಥ ಶಬ್ದ ನನ್ನ ಫೋನಿನಲ್ಲೇ ಇತ್ತು. ಕೋವಿ-ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಒಳ್ಳೆಯ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದೆ. ಒಂದೇ ಒಂದು ಗುಂಡು. ಢಂ! ಆಮೇಲೆ ಬೆಟ್ಟದ ಮಾರುತ್ತರ. ಇದಕ್ಕಿಂತ ಒಳ್ಳೆಯ ಟೆಸ್ಟ್ ಇದೆಯೇ?

ಮೊದಲನೆಯದನ್ನು ಹಾಕಿಕೊಂಡೆ. ಒತ್ತಿದೆ. ಢಂ! ಸರಕ್ಕನೆ ತೆಗೆದು ಎರಡನೆಯದನ್ನು ಹಾಕಿಕೊಂಡೆ. ಒತ್ತಿದೆ. ಢಂ!

ಓದುಗರೇ, ನಾನು ದಂಗಾದೆ. ಶಬ್ದ ಕಿವಿಯೊಳಗೆ ಆದ ಹಾಗೇ ಇಲ್ಲ! ಎಲ್ಲೋ ಹೆಂಚಿನ ಮಾಡಿನ ಮೇಲೆ, ಬೆಟ್ಟದ ಕಡೆ ಆದ ಹಾಗೆ. ಇಷ್ಟು ವರ್ಷ ಬರೀ ಓದಿದ್ದ 'ಸೌಂಡ್‌ಸ್ಟೇಜ್' ಎಂದರೆ ಇದೇನಾ? ದೀಪುವಿಗೆ ಮೆಸೇಜ್ ಹಾಕಿದೆ: "ಎರಡೂ ಭಯಂಕರ ಮಾರಾಯ. ಗುಂಡು ಮನೆ ಹೊರಗೇ ಹೊಡ್ದ ಹಾಗೆ ಕೇಳ್ತದೆ!"

ಗುಂಡು ಮನೆಯ ಹೊರಗೇ ಹಾರಿತ್ತು.

ನಮ್ಮ ಯುವಕ ಸಂಘದ ದೊಡ್ಡ ಸ್ಪೀಕರ್ ಮೇಲಿನ ಬಾಲ್ಕನಿಯಲ್ಲಿತ್ತು. (ಕ್ರೀಡಾಕೂಟಕ್ಕೆ ಅನೌನ್ಸ್ ಮಾಡುವವನು ನಾನು, ಆದ್ದರಿಂದ ಸ್ಪೀಕರ್ ಹೊರುವವನೂ ನಾನು.) ಚಾರ್ಜಿಗೆ ಹಾಕಲು ಹೋದ ಅವ್ವ ಅದರ ಸ್ವಿಚ್ಚನ್ನೂ ಒತ್ತಿದ್ದಾಳೆ. ನನ್ನ ಫೋನು ಬ್ಲೂಟೂತಿನಲ್ಲಿ ಹೊಸ ಹೆಡ್‌ಫೋನ್ ಎರಡನ್ನೂ ಬಿಟ್ಟು ಹಳೇ ಗೆಳೆಯನಾದ ಸ್ಪೀಕರನ್ನು ಅಪ್ಪಿಕೊಂಡಿದೆ. ಸ್ಪೀಕರಿನ ಮುಖ ಊರಿನ ಕಡೆಗೆ.

ಎರಡು ಗುಂಡು ಎಂದರೆ ಏನೆಂದು ನಮ್ಮ ಕೊಡಗಿನವರಿಗೆ ಹೇಳಬೇಕಿಲ್ಲ. ಹೊರಗಿನ ಓದುಗರಿಗೆ ಹೇಳುತ್ತೇನೆ: ಒಂದರ ಹಿಂದೆ ಒಂದು ಎರಡು ಗುಂಡು ಕೇಳಿದರೆ ಅಲ್ಲಿ ಸಾವಾಗಿದೆ. ದಿಕ್ಕು ನೋಡಿ, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೊರಡಬೇಕು. ಕರೆಯುವವರೆಗೆ ಕಾಯುವಂತಿಲ್ಲ. ಜಗಳ ಇದ್ದರೂ ಹೋಗಬೇಕು. ವಾಟ್ಸಾಪ್ ಬಂದಿದೆ, ಆದರೆ ನಮ್ಮಲ್ಲಿ ಅರ್ಧ ಮನೆಗಳಿಗೆ ನೆಟ್‌ವರ್ಕ್ ಬಂದಿಲ್ಲ. ಗುಂಡಿಗೆ ಅದೆಲ್ಲ ಬೇಕಿಲ್ಲ.

ದಿಕ್ಕು ನಮ್ಮ ಮನೆಯದು. ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜ, ಮೊನ್ನೆ ಮೊನ್ನೆ ಆಸ್ಪತ್ರೆಯಿಂದ ಬಂದವರು. ಊರಿಗೆ ಇನ್ನೇನು ಅನುಮಾನ?

ಅನುಮಾನ ಬಂದದ್ದು ಮನೆಯವರಿಗೆ ಮಾತ್ರ. ಶಬ್ದ ಎದುರು ಬೆಟ್ಟಕ್ಕೆ ಬಡಿದು ತಿರುಗಿ ಬಂದದ್ದರಿಂದ ಹಿತ್ತಲಿನಲ್ಲಿದ್ದ ಅವ್ವ ಅಜ್ಜನಿಗೆ, "ಆಚೆ ಕಡೆ ಯಾರೋ ಹೋದ್ರು ಮಾವ" ಅಂದಳಂತೆ. ಅಜ್ಜ ಎದ್ದು ಬಟ್ಟೆ ಬದಲಿಸಿದರು. "ಜೀಪು ಸಿಕ್ಕಿದ್ರೆ ನಾನೂ ಬರ್ತೇನೆ. ನಮ್ಮ ಕಾಲದವರೇ ಇರ್ಬೇಕು."

ಇತ್ತ ನಾನು ಲೋಕ ಮರೆತು ಎರಡು ಹೆಡ್‌ಫೋನ್‌ಗಳಿಗೂ ಮಾರ್ಕ್ಸ್ ಕೊಡುತ್ತಾ ಕೂತಿದ್ದೆ. ಬೆನ್ನು ನೋಯಿತೆಂದು ಎದ್ದು, ಹೆಡ್‌ಫೋನ್ ಕಿವಿಯಲ್ಲಿದ್ದಂತೆಯೇ ಕಿಟಕಿಯ ಹತ್ತಿರ ಹೋದೆ.

ಅಂಗಳ ತುಂಬ ಬಿಳಿ ಬಟ್ಟೆ.

ಏನೂ ಕೇಳಿಸುತ್ತಿಲ್ಲ. ಬೆಳ್ಯಪ್ಪ ಮಾವ ಎರಡೂ ಕೈ ತಲೆಯ ಮೇಲಿಟ್ಟು ಬಾಯಿ ತೆರೆದಿದ್ದಾರೆ, ದನಿ ಇಲ್ಲ. ಮೊಯ್ದು ಕಾಕನ ಜೀಪಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಟಾರ್ಪಾಲು. ಹೆಂಗಸರು ಜಗಲಿ ಹತ್ತುತ್ತಿದ್ದಾರೆ. ಅಜ್ಜ ಎಲ್ಲಿ? ಕಾಣುವುದಿಲ್ಲ, ಜಗಲಿಗೆ ಮಾಡು ಅಡ್ಡ. ಎದೆ ಹೊಡೆದುಕೊಂಡದ್ದು ಮಾತ್ರ ಹೆಡ್‌ಫೋನಿನೊಳಗೆ ಸ್ಪಷ್ಟವಾಗಿ ಕೇಳಿಸಿತು. (ಬೇಸ್ ಚೆನ್ನಾಗಿತ್ತು ಎಂದು ಈಗ ತಮಾಷೆ ಮಾಡಬಹುದು.) ಬೆಳಿಗ್ಗೆ ಅಜ್ಜ ಕೆಳಗಿನಿಂದ ಕರೆದರೇ? ನಾನು ಕೇಳಲಿಲ್ಲವೇ?

ಹೆಡ್‌ಫೋನ್ ಕಿತ್ತು ಮಂಚಕ್ಕೆ ಎಸೆದು ಮೆಟ್ಟಿಲು ಇಳಿದೆ. ಇಳಿದೆನೋ ಬಿದ್ದೆನೋ.

ಜಗಲಿಯಲ್ಲಿ ಅಜ್ಜ ನಿಂತಿದ್ದರು. ಎದುರಿಗೆ ಬೆಳ್ಯಪ್ಪ ಮಾವ.

"ಯಾರು ಹೋದದ್ದು ಬೆಳ್ಯಪ್ಪ?"

"ನೀವು..."

"ನಾನು ಆಗ್ಲೇ ಹೊರಟಾಯ್ತು. ಜೀಪಿಗೆ ಕಾಯ್ತಾ ಇದ್ದೇನೆ. ಹೋದದ್ದು ಯಾರು ಹೇಳು."

ಮಾವ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಿಂದಿನಿಂದ ಮೊಯ್ದು ಕಾಕ, "ಕುರ್ಚಿ ಇಳಿಸುವುದಾ ಬೇಡ್ವಾ? ಒಬ್ರಾದ್ರೂ ಹೇಳಿ" ಅಂದರು.

ಗುಂಡು ಹೊಡೆದವರು ಯಾರೆಂಬ ಪ್ರಶ್ನೆ ಬಂತು. ಅಪ್ಪ ಕೋವಿಯನ್ನು ಬೀರುವಿನಲ್ಲಿಟ್ಟು ಮಡಿಕೇರಿಗೆ ಹೋಗಿದ್ದರು. ಅಂಗಳದ ಅಷ್ಟೂ ತಲೆಗಳು ನಿಧಾನವಾಗಿ ನನ್ನ ಕಡೆ ತಿರುಗಿದವು.

"ಬಾಯಲ್ಲೇ ಹೊಡ್ದನಾ?" ಕಾಕ ಕೇಳಿದರು.

ನಾನು ಹೇಳಿದೆ. ಹೆಡ್‌ಫೋನ್, ಬ್ಲೂಟೂತ್, ಸ್ಪೀಕರ್, ಅವ್ವ. (ಅವ್ವನ ಹೆಸರು ಬಂದಾಗ ಅವ್ವ ನೋಡಿದ ನೋಟಕ್ಕೆ ಯಾವ ಕ್ಯಾನ್ಸಲಿಂಗೂ ಇಲ್ಲ.) ಒಬ್ಬರು ಕಿಸಕ್ಕೆಂದರು. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಅಜ್ಜ ಎಲ್ಲರಿಗಿಂತ ಜೋರಾಗಿ ನಕ್ಕರು. ಸತ್ತ ಮೇಲೆ ಬರುವ ಜನವನ್ನು ಬದುಕಿದ್ದಾಗಲೇ ನೋಡುವ ಯೋಗ ಎಷ್ಟು ಜನಕ್ಕಿದೆ?

ಬೆಳ್ಯಪ್ಪ ಮಾವ ಮಾತ್ರ ನಗಲಿಲ್ಲ.

"ನಗುವುದಲ್ಲ ಇದು. ಕಾಫಿ ಗಿಡದ ಗೆಲ್ಲು ಕಡಿದು ಕಪಾತು ಮಾಡ್ತಿದ್ದವ ಕತ್ತಿ ಬಿಸಾಡಿ ಓಡಿ ಬಂದೆ. ನಾಳೆ ನಿಜವಾಗಿ ಎರಡು ಹೊಡ್ದ್ರೆ ಓಡ್ತೇನಾ? ಇವನ ಆಟ ಅಂತ ಇನ್ನೊಂದು ಗಿಡ ಕಪಾತು ಮಾಡ್ತೇನೆ."

ಅಜ್ಜನ ನಗು ಅಲ್ಲಿಗೆ ನಿಂತಿತು. ಕೊಡೆಯನ್ನು ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂತರು. ಮುಖ ಚಿಕ್ಕದಾಯಿತು. ಊರಿನ ಎಷ್ಟೋ ಸಾವುಗಳಿಗೆ ಗುಂಡು ಕೇಳಿದ ಕೂಡಲೇ ಗದ್ದೆ ದಾಟಿ ಓಡಿದವರು ಅವರು. ತಮ್ಮ ಸರದಿಯಲ್ಲಿ ಜನ ಬರುತ್ತಾರೋ ಇಲ್ಲವೋ ಎಂಬ ಲೆಕ್ಕ ಅವರಿಗೆ ಅಲ್ಲಿಯವರೆಗೆ ಇರಲೇ ಇಲ್ಲ. ಅದನ್ನು ತಂದುಕೊಟ್ಟವನು ನಾನು.

ಅವ್ವ ಎಲ್ಲರಿಗೂ ಕಾಫಿ ಕೊಟ್ಟಳು. ಅಜ್ಜ ಲೋಟ ಹಿಡಿದು ಒಬ್ಬೊಬ್ಬರನ್ನೇ ನೋಡಿದರು. "ದೀಪು ಬರ್ಲಿಲ್ಲ?"

ನಿಜ. ಎಲ್ಲರಿಗಿಂತ ಹತ್ತಿರದವನು ಅವನೇ. ಅಷ್ಟರಲ್ಲಿ ನನ್ನ ಫೋನು ಮಿಡಿಯಿತು. ದೀಪುವಿನದೇ. ಒಂದು ಫೋಟೋ. ಗದ್ದೆಯ ಆ ಬದಿಯಿಂದ, ಒನಕೆ ಲೆನ್ಸಿನಲ್ಲಿ ಹೊಡೆದದ್ದು. ನಮ್ಮ ಜಗಲಿ, ಸುತ್ತ ಬಿಳಿ ಬಟ್ಟೆಯ ಜನ, ನಡುವೆ ಅಜ್ಜ. ಕೆಳಗೆ ಬರೆದಿದ್ದ: "ಎಂಥ ಲೈಟ್ ಮಾರಾಯ! ನಿಮ್ಮಲ್ಲಿ ಏನೋ ಫಂಕ್ಷನ್, ಎಲ್ರಿಗೂ ವೈಟ್ ಡ್ರೆಸ್ಸಾ? ನನ್ನ ಕರೀಲೇ ಇಲ್ಲ?"

ಎರಡು ಗುಂಡು ಹೊಡೆದಾಗ ಅವನ ಕಿವಿಯ ಮೇಲೆ ಏನಿತ್ತು ಎಂದು ಹೇಳಬೇಕೇ?

ಅಜ್ಜ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಚೆಂದ ಉಂಟು. ಪೇಪರಿಗೆ ಇದನ್ನೇ ಕೊಡಿ" ಅಂದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಅವನಿಗೆ ಗದ್ದೆ ಆಚೆಯಿಂದ ನನ್ನ ಮೀಸೆ ಕಾಣ್ತದೆ. ಗುಂಡು ಕೇಳುವುದಿಲ್ಲ. ನಿಂಗೆ ಮಾಡಿನ ಮೇಲೆ ಹೊಡ್ದದ್ದೇ ಗೊತ್ತಾಗ್ಲಿಲ್ಲ. ನಾ ಎಂತ ಮಾಡ್ಲಿ?"

ಅಜ್ಜ ಫೋನನ್ನು ನನ್ನ ಕೈಗೆ ವಾಪಸ್ ಇಟ್ಟರು.

"ನನ್ನ ದಿನ ಬಂದಾಗ ನಿನ್ನಪ್ಪ ಗುಂಡು ಹೊಡೀತಾನೆ. ನೀನು ಮನೆ ಮನೆಗೆ ನಡ್ದು ಹೋಗ್ಬೇಕು. ಇದು ನಿಜದ್ದು ಅಂತ ಹೇಳ್ಬೇಕು."

"ಆಯ್ತಜ್ಜ."

"ಬೆಳ್ಯಪ್ಪನ ದನಿಯಲ್ಲಿ ಅಲ್ಲ. ನಿನ್ನದರಲ್ಲಿ."

ಎರಡು ಹೆಡ್‌ಫೋನನ್ನೂ ಮರುದಿನವೇ ಪ್ಯಾಕ್ ಮಾಡಿ ವಾಪಸ್ ಕಳಿಸಿದೆ. ಸಂಜೆ ಕನ್ನಡಿಯ ಮುಂದೆ ನಿಂತು ಸುಮ್ಮನೆ ಒಂದು ಸಲ ಹೇಳಿ ನೋಡಿದೆ: "ಮಾವ, ನಮ್ಮ ಅಜ್ಜ..." ಅಷ್ಟಕ್ಕೇ ಗಂಟಲು ಕಟ್ಟಿತು. ಕಟ್ಟಿದ ಆ ಗಂಟಲೂ ಥೇಟ್ ಮಿಮಿಕ್ರಿಯ ಹಾಗೇ ಕೇಳಿಸಿತು.

ಊರಿನ ಎಲ್ಲರ ದನಿಯೂ ನನಗೆ ಬರುತ್ತದೆ. ನನ್ನ ದನಿಯನ್ನು ನಂಬುವವರು ಯಾರಾದರೂ ಉಳಿದಿದ್ದಾರೆಯೇ?