ಅರ್ಧಕ್ಕೆ ನಿಂತ ಮುಳ್ಳು

ಗಿರಾಕಿಗಳ ಬಾಯಲ್ಲಿ ಅವನು ಗಡಿಯಾರದ ಮೇಸ್ತ್ರಿ. ಹೇಳಿದ ಹೊತ್ತಿಗೆ ಗಾಡಿ ಕೊಡುವವನು. ಮನೆಯವರ ಬಾಯಲ್ಲಿ ಮಾತ್ರ ನಾಳೆ ಮೇಸ್ತ್ರಿ. ಮೂವತ್ತೆರಡು ವರ್ಷದಿಂದ ಅವನ ಗ್ಯಾರೇಜಿನ ಕಟ್ಟಳೆ ಒಂದೇ: ಹೊರಗಿನವರ ಗಾಡಿ ಮೊದಲು, ಮನೆಯವರದ್ದು ಕೊನೆಗೆ. ಕೆಲಸ ಕಲಿಸಿದ ಗುರು ಹಾಗೆ ಹೇಳಿದ್ದ, ಇವನು ಅದನ್ನೇ ವೇದವಾಕ್ಯ ಮಾಡಿಕೊಂಡ. ಹೆಂಡತಿಯ ಸ್ಕೂಟರಿನ ಹಾರ್ನು ಆರು ವರ್ಷ ಮೌನವ್ರತ ಹಿಡಿದಿತ್ತು. ಪಾಪ, ಆಕೆ ಬಾಯಲ್ಲೇ ಕೂಗಿಕೊಂಡು ಓಡಿಸುತ್ತಿದ್ದಳು. ಅವನ ತಮ್ಮ ಸಾಯುವವರೆಗೆ ಅದೆಲ್ಲ ನಗುವ ಮಾತಾಗಿತ್ತು.

ಆ ತಮ್ಮ ಒಂದು ಹಳೆಯ ವ್ಯಾನಿನಲ್ಲಿ ಅಂಗಡಿಗಳಿಗೆ ಬ್ರೆಡ್ಡು ಹಾಕುತ್ತಿದ್ದ. ಅದರ ಪೆಟ್ರೋಲ್ ಮುಳ್ಳು ಅರ್ಧಕ್ಕೆ ನಿಂತು ವರ್ಷವಾಗಿತ್ತು. ಟ್ಯಾಂಕು ತುಂಬಿದರೂ ಅರ್ಧ, ಬರಿದಾದರೂ ಅರ್ಧ. "ಅಣ್ಣ, ಒಂಚೂರು ನೋಡೋ" ಎಂದು ಬಂದಾಗಲೆಲ್ಲ "ನಾಳೆ ನೋಡೋಣ ಬಿಡೋ" ಎಂದು ಮೇಸ್ತ್ರಿ ಕಳಿಸುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಮದ್ದು ಇತ್ತು, ಕೊಡುವವನಿಗೆ ಪುರುಸೊತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಪೆಟ್ರೋಲು ಮುಗಿದು ವ್ಯಾನು ನಿಂತಿತು. ಕ್ಯಾನು ಹಿಡಿದು ರಸ್ತೆ ದಾಟುತ್ತಿದ್ದ ತಮ್ಮನಿಗೆ ಲಾರಿ ಬಡಿಯಿತು.

ಈಗ ತಮ್ಮನ ಹೆಂಡತಿಯೇ ವ್ಯಾನು ತಂದು ನಿಲ್ಲಿಸಿದ್ದಳು.

"ಇನ್ಮೇಲೆ ನಾನೇ ಓಡಿಸ್ತೀನಿ ಭಾವ. ಮೊದಲು ಆ ಮುಳ್ಳು ಸರಿ ಮಾಡ್ಕೊಡಿ."

ಅಂದು ಮೊದಲ ಸಲ ಮೇಸ್ತ್ರಿ ಗಿರಾಕಿಗಳನ್ನು ಕಾಯಿಸಿದ. ಬ್ಯಾಟರಿಯ ತಂತಿ ಬಿಚ್ಚಿದ. ಟ್ಯಾಂಕಿನಲ್ಲಿದ್ದಷ್ಟು ಪೆಟ್ರೋಲು ಇಳಿಸಿದ. ವ್ಯಾನಿನ ಹಿಂಬದಿಯ ನೆಲದ ಹಲಗೆ ಎತ್ತಿ, ಧೂಳು ಒಳಗೆ ಬೀಳದಂತೆ ಟ್ಯಾಂಕಿನ ಮುಚ್ಚಳದ ಸುತ್ತ ಒರೆಸಿದ. ಕಬ್ಬಿಣ ಬಡಿದರೆ ಕಿಡಿ ಹಾರೀತೆಂದು ಹಿತ್ತಾಳೆ ಸರಳಿನಿಂದ ಮೆಲ್ಲಗೆ ತಟ್ಟಿ, ಮುಚ್ಚಳವನ್ನು ಬಿಗಿಹಿಡಿದಿದ್ದ ಬಳೆ ತಿರುಗಿಸಿದ. ಓರೆಯಾಗಿ ಎತ್ತಿದಾಗ ಉದ್ದನೆಯ ಕಡ್ಡಿ, ಅದರ ತುದಿಯ ಬೆಂಡು ಹೊರಬಂದವು. ಪೆಟ್ರೋಲಿನ ಮೇಲೆ ತೇಲುತ್ತ ಏರಿಳಿಯಬೇಕಾದ ಬೆಂಡು ಅದು. ಕಡ್ಡಿ ಒಂದಿಷ್ಟು ಬಾಗಿ ಪಕ್ಕದ ಕೊಳವೆಗೆ ಸಿಕ್ಕಿಕೊಂಡಿತ್ತು, ಅಷ್ಟೇ. ಎರಡು ಬೆರಳಲ್ಲಿ ಒತ್ತಿದ, ನೆಟ್ಟಗಾಯಿತು.

ದೊಡ್ಡ ರಿಪೇರಿ ಇರಲಿ ದೇವರೇ ಎಂದು ಕೆಲಸದುದ್ದಕ್ಕೂ ಬೇಡಿಕೊಂಡ ಮೇಸ್ತ್ರಿ ಜಗತ್ತಿನಲ್ಲಿ ಇವನೊಬ್ಬನೇ ಇದ್ದಾನು.

ಎಲ್ಲ ಮರಳಿ ಜೋಡಿಸಿ ಪೆಟ್ರೋಲು ಸುರಿದ. ಗಂಡನ ಸೀಟಿನಲ್ಲಿ ಕೂತಿದ್ದ ಆಕೆ ಕೀ ತಿರುಗಿಸಿದಳು.

"ಮುಳ್ಳು ಏಳ್ತಿದೆ ಭಾವ! ಇಷ್ಟು ಬೇಗ ಆಯ್ತಾ?"

ಇಂಥದ್ದೊಂದು ಪಾರ್ಟು ಹೋಗಿತ್ತು ಎಂದು ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಅರ್ಧ ಗಂಟೆ ಕೆಲಸ ಕಣಮ್ಮ" ಎಂದ. "ಅವ್ನು ಎಷ್ಟು ಸಲ ಕೇಳ್ದ. ನಾನೇ ಮಾಡ್ಲಿಲ್ಲ. ನಾನೇ ಕೊಂದೆ ಅವನ್ನ."

ಬೈಯಲಿ, ಉಗಿಯಲಿ, ಇನ್ನು ಮುಖ ತೋರಿಸಬೇಡ ಎನ್ನಲಿ ಎಂದು ತಲೆ ತಗ್ಗಿಸಿ ನಿಂತ. ಆಕೆ ಸ್ಟೇರಿಂಗನ್ನೇ ನೋಡುತ್ತಿದ್ದಳು.

"ಅವತ್ತು ಬೆಳಿಗ್ಗೆ ನಿಮ್ಮಲ್ಲಿಗೇ ಹೊರಟಿದ್ರು. ಇವತ್ತು ಕೂತು ಮಾಡಿಸ್ಕೊಂಡೇ ಬರ್ತೀನಿ ಅಂತ. ನಾನೇ ಬೇಡ ಅಂದೆ ಭಾವ. ಗಿರಾಕಿಗಳಿರೋ ಹೊತ್ತಲ್ಲಿ ಭಾವನಿಗ್ಯಾಕೆ ತೊಂದ್ರೆ ಕೊಡ್ತೀರಿ, ನಾಳೆ ಹೋಗಿ ಅಂದೆ."

ಬೈಸಿಕೊಳ್ಳಲು ನಿಂತವನೇ ಈಗ ಸಮಾಧಾನ ಹೇಳಬೇಕಿತ್ತು. ಮೇಸ್ತ್ರಿ ಬಾಗಿಲು ತೆಗೆದು ಆಕೆಯ ಪಕ್ಕದ ಸೀಟಿನಲ್ಲಿ ಕೂತ.