ಉಸ್ಮಾನಸಾಬರ ಬಿಗಿ ಜಾಳಿಗೆ

ಬೆಳಗಿನ ಐದೂವರೆ. ಸುರಪುರದ ಪದವಿ ಕಾಲೇಜೊಂದರ ಮೈದಾನದಲ್ಲಿ ಉಸ್ಮಾನಸಾಬರು ಬಗ್ಗಿಕೊಂಡು ಕಲ್ಲು ಆರಿಸುತ್ತಿದ್ದಾರೆ. ಗುಡ್ಡದ ಊರಿನ ಮೈದಾನ. ನಿನ್ನೆ ಆರಿಸಿದ ಜಾಗದಲ್ಲೇ ಇವತ್ತು ಮತ್ತೆ ಕಲ್ಲು ಎದ್ದಿರುತ್ತವೆ. ಎರಡು ಬುಟ್ಟಿ ತುಂಬಿದ ಮೇಲೆ ಕಟ್ಟೆಯ ಮೇಲೆ ಕೂತು, ಗೋಣಿಚೀಲದಿಂದ ಒಂದೊಂದೇ ಲ್ಯಾಕ್ರೋಸ್ ಕೋಲು ಹೊರಗೆ ತೆಗೆಯುತ್ತಾರೆ. ಉದ್ದನೆಯ ಕೋಲು, ತುದಿಗೆ ಒಂದು ಚೌಕಟ್ಟು, ಅದರೊಳಗೆ ಹುರಿಯಿಂದ ಹೆಣೆದ ಜಾಳಿಗೆ. ಚೆಂಡನ್ನು ಹಿಡಿಯುವುದೂ ಎಸೆಯುವುದೂ ಅದರಲ್ಲೇ. ಜಾಳಿಗೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ, ಮೀಟುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ. ಸದ್ದು ಸಪ್ಪೆಯಾದರೆ ಹುರಿ ಬಿಚ್ಚಿ ಮತ್ತೆ ಎಳೆಯುತ್ತಾರೆ.

ಇವತ್ತು ಕೈ ಓಡುತ್ತಿಲ್ಲ. ಶನಿವಾರ ಯಾದಗಿರಿಯಲ್ಲಿ ವಿಶ್ವವಿದ್ಯಾಲಯ ಮಟ್ಟದ ಮಹಿಳಾ ಲ್ಯಾಕ್ರೋಸ್ ಪಂದ್ಯಾವಳಿ. ಅವರು ಹೆಣೆದ ಕೋಲುಗಳು ಅಲ್ಲಿಗೆ ಹೋಗುತ್ತವೋ, ಚೀಲದಲ್ಲೇ ಉಳಿಯುತ್ತವೋ ಎಂಬುದು ಇನ್ನೊಂದು ತಾಸಿನಲ್ಲಿ ತೀರ್ಮಾನವಾಗಬೇಕು.

"ತಪ್ಪು ಇದ್ರ ತಪ್ಪು ಅನ್ಲಿ, ಬಿಟ್ಟುಬಿಡ್ತೀನಿ. ಆದ್ರ ತಪ್ಪು ಕೋಲಿನ್ಯಾಗ ನಾಕ್ ವರ್ಷ ಕಪ್ ಹೆಂಗ ಬಂತ್ರಿ? ನನಗ ಇದ ತಿಳಿವಲ್ದು" ಎನ್ನುತ್ತಾರೆ.

ಉಸ್ಮಾನಸಾಬರಿಗೆ ಅರವತ್ತಮೂರು. ನಲವತ್ತು ವರ್ಷ ಹೊರಸು, ಎಂದರೆ ಹುರಿಯ ಮಂಚ, ಹೆಣೆದವರು. ಸುರಪುರ, ಶಹಾಪುರ, ಕೆಂಭಾವಿಯ ಕಡೆಯಿಂದ ಕರೆ ಬರುತ್ತಿತ್ತು. ಹುರಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಹೋಗಿ, ಮನೆಯವರ ಅಂಗಳದಲ್ಲೇ ಕೂತು ಹೆಣೆದು ಬರುತ್ತಿದ್ದರು. ಮಡಚುವ ಕಬ್ಬಿಣದ ಮಂಚ ಬಂದಿತು, ಕರೆ ನಿಂತಿತು. ಹನ್ನೆರಡು ವರ್ಷದಿಂದ ಈ ಕಾಲೇಜಿನ ಗೇಟು ತೆಗೆಯುವುದು, ಗಿಡಕ್ಕೆ ನೀರು ಹಾಕುವುದು, ಕಲ್ಲು ಆರಿಸುವುದು ಅವರ ಕೆಲಸ. ಗುತ್ತಿಗೆ ನೌಕರಿ. ಕಾಲೇಜಿನ ಕಪ್ ಫೋಟೊಗಳಲ್ಲಿ ಪ್ರಾಂಶುಪಾಲರಿದ್ದಾರೆ, ಗುಮಾಸ್ತರೂ ಇದ್ದಾರೆ. ಇವರಿಲ್ಲ.

ಆರು ವರ್ಷದ ಹಿಂದೆ ದೈಹಿಕ ಶಿಕ್ಷಣದ ಮೇಷ್ಟ್ರು ವಿಶ್ವರಾಧ್ಯ ಎಲ್ಲಿಂದಲೋ ಹನ್ನೆರಡು ಕೋಲು ತರಿಸಿದರು. ಆಟ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರಿಗೂ ಗೊತ್ತಿದ್ದದ್ದು ಅರ್ಧ. ಸ್ಟೋರಿನಲ್ಲಿಟ್ಟ ಕೋಲುಗಳ ಜಾಳಿಗೆಯನ್ನು ಮೂರೇ ತಿಂಗಳಿಗೆ ಇಲಿ ಕಡಿದು ಹಾಕಿದವು. ಹೊರಸು ಹೆಣೆಯುವವ ಇದನ್ನೂ ಹೆಣೆದಾನು ಎಂದು ಮೇಷ್ಟ್ರು ಕೋಲು ತಂದು ಇವರ ಮುಂದೆ ಸುರಿದರು. ಜಾಳಿಗೆ ಹೇಗಿರಬೇಕೆಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಹೊರಸು ಹೇಗಿರಬೇಕೆಂದು ಇವರಿಗೆ ಗೊತ್ತಿತ್ತು. ಬಿಗಿಯಾಗಿರಬೇಕು. "ಜೋತ ಹೊರಸಂದ್ರ ಹೆಣದವನ ಇಜ್ಜತ್ ನೆಲಕ್ಕ ಹತ್ತಿದಂಗ್ರಿ" ಎನ್ನುತ್ತಾರೆ.

ಒಂದು ಕೋಲಿಗೆ ಹನ್ನೊಂದು ಮೊಳ ಹುರಿ, ಒಂದೂವರೆ ತಾಸು. ಹೆಣೆದು ಕೊಟ್ಟದ್ದು ಜಾಳಿಗೆಯಲ್ಲ, ಅಂಗೈಯಗಲದ ಹೊರಸು. ಅದರಲ್ಲಿ ಚೆಂಡು ನಿಲ್ಲುತ್ತಿರಲಿಲ್ಲ, ಪುಟಿದು ಹೊರಗೆ ಹಾರುತ್ತಿತ್ತು. ಹಿಡಿದವಳು ಎರಡು ಹೆಜ್ಜೆ ಇಡುವುದರೊಳಗೆ ಇನ್ನೊಬ್ಬಳಿಗೆ ಎಸೆಯಲೇಬೇಕು. ಕೋಲಿರುವುದೇ ಹೀಗೆ ಎಂದುಕೊಂಡು ಹುಡುಗಿಯರು ಅದನ್ನೇ ಕಲಿತರು. ಬೇರೆ ಕಾಲೇಜಿನವರು ಚೆಂಡು ಇಟ್ಟುಕೊಂಡು ಓಡುತ್ತಿದ್ದರು. ಇವರ ಚೆಂಡು ಯಾರ ಬಳಿ ಇದೆಯೆಂದು ಎದುರಾಳಿ ನೋಡುವಷ್ಟರಲ್ಲಿ ಅದು ಅಲ್ಲಿರುತ್ತಿರಲಿಲ್ಲ.

ಸತತ ನಾಲ್ಕು ವರ್ಷ ಕಪ್ ಬಂತು. ಮೊದಲ ವರ್ಷ ಆಡಲು ಬಂದದ್ದೇ ಮೂರು ತಂಡ, ಇದನ್ನು ಮುಚ್ಚಿಡಬೇಕಿಲ್ಲ. ನಾಲ್ಕನೆಯ ವರ್ಷ ಹನ್ನೊಂದು ತಂಡಗಳಿದ್ದವು.

ಆಮೇಲೆ ವಿಶ್ವರಾಧ್ಯ ಒಂದು ತರಬೇತಿ ಶಿಬಿರಕ್ಕೆ ಹೋದರು. "ನಮ್ಮ ಕೋಲು ನೋಡಿ ನಕ್ಕರ್ರಿ. ಏನ್ ಸರ, ಜರಡಿ ತಂದೀರೇನು ಅಂದ್ರು" ಎಂದು ಅವರೇ ಹೇಳಿಕೊಳ್ಳುತ್ತಾರೆ. ಜಾಳಿಗೆ ತುಸು ಜೋತಿರಬೇಕು, ಚೆಂಡು ಅದರಲ್ಲಿ ಕೂರಬೇಕು ಎಂಬುದು ಅಲ್ಲಿ ತಿಳಿಯಿತು. ಹೊಸ ಕೋಲು ಬಂದವು. ಹೋದ ವರ್ಷ ಅವುಗಳಲ್ಲಿ ಆಡಿ ಸೆಮಿಫೈನಲ್‌ನಲ್ಲಿ ಶಹಾಪುರದವರ ಕೈಯಲ್ಲಿ ಸೋತರು. ಕೋಲಿನಿಂದ ಸೋತರೋ? ಅದೇ ವರ್ಷ ಮೂವರು ಒಳ್ಳೆಯ ಆಟಗಾರ್ತಿಯರು ಕಾಲೇಜು ಮುಗಿಸಿದ್ದರು. ಒಬ್ಬಳು ಕಡೇಚೂರಿನ ಫ್ಯಾಕ್ಟರಿಗೆ ಸೇರಿದಳು, ಇಬ್ಬರು ಬಿ.ಎಡ್.ಗೆ ಹೋದರು. ಸೋಲಿಗೆ ಯಾವುದು ಕಾರಣವೆಂದು ಮೇಷ್ಟ್ರಿಗೆ ಗೊತ್ತಿಲ್ಲ. ಉಸ್ಮಾನಸಾಬರಿಗಂತೂ ಗೊತ್ತೇ ಇಲ್ಲ.

ಅವರು ಪಂದ್ಯ ನೋಡಿದ್ದು ಒಂದೇ ಸಲ. ಗೋಲಾದಾಗಲೆಲ್ಲ ಚಪ್ಪಾಳೆ ತಟ್ಟಿದರು. ಅರ್ಧ ಗೋಲು ಎದುರಾಳಿಗಳದು ಎಂದು ತಿಳಿದದ್ದು ಹಿಂದಿರುಗುವಾಗ, ಹುಡುಗಿಯರು ಟೆಂಪೊದಲ್ಲಿ ಬಿದ್ದುಬಿದ್ದು ನಗುವಾಗ.

ಹೆಂಡತಿ ಜಹೀರುನ್ನೀಸಾರ ತಕರಾರು ಬೇರೆ. "ನಮ್ಮ ಮನ್ಯಾಗಿನ ಹೊರಸು ಜೋತು ಜೋತು ತೊಟ್ಲಾಗೇದ. ಅದನ್ನ ಬಿಗಿ ಅಂದ್ರ ನಾಳಿ ಅಂತಾನ. ಕಾಲೇಜಿನ ಕೋಲಿಗೆ ಮಾತ್ರ ನಸಿಕಿನ್ಯಾಗ ಎದ್ದು ಓಡ್ತಾನ. ಇವನ ಇಜ್ಜತ್ ಊರಾಗಷ್ಟೇ ಅದ, ಮನ್ಯಾಗ ಇಲ್ಲ."

ಆರೂವರೆಗೆ ಹುಡುಗಿಯರು ಬರುತ್ತಾರೆ. ನಾಯಕಿ ಶಿವರಂಜನಿ ಮುದನಾಳದವಳು, ಹಾಸ್ಟೆಲ್‌ನಲ್ಲಿದ್ದಾಳೆ, ಬಿ.ಎ. ಕೊನೆಯ ವರ್ಷ, ಆಡಲು ಇದೇ ಕೊನೆಯ ಅವಕಾಶ.

"ಕಾಕಾ, ಮಾರಿ ಯಾಕ ಹಂಗ ಮಾಡೀರಿ? ಪರೀಕ್ಷಾ ನಿಮಗೋ ನಮಗೋ?"

"ನನಗ ಯವ್ವಾ. ನೀವರ ಓದಿ ಬರೀತೀರಿ, ನಾ ಓದಲಾರದ ಕುಂತೀನಿ."

ಮೇಷ್ಟ್ರು ಪಂಗಡ ಮಾಡುತ್ತಾರೆ. ಆರು ಜನರ ಕೈಗೆ ಬಿಗಿ ಕೋಲು, ಆರು ಜನರ ಕೈಗೆ ಹೊಸ ಕೋಲು. ಅರ್ಧ ತಾಸಿನ ಆಟ. ಗೆದ್ದ ಕೋಲು ಯಾದಗಿರಿಗೆ. ಉಸ್ಮಾನಸಾಬರು ಬುಟ್ಟಿ ಹಿಡಿದು ಗೆರೆಯಾಚೆ ನಿಲ್ಲುತ್ತಾರೆ. ಬಿಗಿ ಕೋಲಿನವರು ಚೆಂಡನ್ನು ಚಕಚಕನೆ ದಾಟಿಸಿ ಮುಂದೆ ತರುತ್ತಾರೆ, ಗೋಲಿನ ಮುಂದೆ ತಪ್ಪುತ್ತಾರೆ. ಹೊಸ ಕೋಲಿನವರು ಅರ್ಧ ದಾರಿಯಲ್ಲೇ ಸಿಕ್ಕಿಬೀಳುತ್ತಾರೆ, ಆದರೆ ಗೋಲಿನ ಹತ್ತಿರ ಬಂದರೆ ಬಿಡುವುದಿಲ್ಲ. ಸೀಟಿ ಊದಿದಾಗ ಮೂರು–ಮೂರು.

ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಾರೆ. "ಇದೇನ್ ತೀರ್ಮಾನ ಆತು? ರಂಜನಿ, ನೀನ ಹೇಳು."

ಅವಳು ಎರಡೂ ಕೋಲು ಕೈಯಲ್ಲಿ ತೂಗಿ ನೋಡುತ್ತಾಳೆ. "ಚೆಂಡು ಮುಂದ ತರೋ ಆರು ಮಂದಿಗೆ ಕಾಕಾನ ಕೋಲು ಇರ್ಲಿ, ಸರ. ಗೋಲಿನ ಹಂತೇಕ ಇರೋರಿಗೆ ಹೊಸಾವು."

"ಹಂಗಾರ ನಾ ಮಾಡಿದ್ದು ಸರಿನೋ ತಪ್ಪೋ?" ಉಸ್ಮಾನಸಾಬರು ಕೇಳಿಯೇಬಿಡುತ್ತಾರೆ.

"ನನಗೂ ಗೊತ್ತಿಲ್ಲ ಕಾಕಾ. ನಿಮ್ಮ ಕೋಲಿಲ್ದ ನನಗ ಆಡಾಕ ಬರಂಗಿಲ್ಲ, ಅಷ್ಟ ಗೊತ್ತು. ಶನಿವಾರ ನೀವೂ ಟೆಂಪೊ ಹತ್ರಿ, ಬಂದು ನೋಡ್ರಿ."

"ಬರ್ತೀನಿ. ಅಂಗಿ ಬಣ್ಣ ಮೊದ್ಲ ಹೇಳ್ರಿ. ಈ ಸಲ ನಮ್ಮವರಿಗಷ್ಟ ಚಪ್ಪಾಳಿ."

ಹುಡುಗಿಯರು ನಗುತ್ತಾ ಕ್ಲಾಸಿಗೆ ಹೋಗುತ್ತಾರೆ. ಹನ್ನೆರಡು ಕೋಲನ್ನೂ ಒಂದೇ ಚೀಲದಲ್ಲಿ ಕಟ್ಟುವುದು ಉಸ್ಮಾನಸಾಬರ ಪಾಲಿಗೆ ಬರುತ್ತದೆ. ಹೊಸ ಕೋಲಿನ ಜೋತ ಜಾಳಿಗೆಗೆ ಅವರ ಹೆಬ್ಬೆರಳು ತಾನಾಗಿ ಹೋಗುತ್ತದೆ. ಹುರಿಯ ತುದಿ ಹಿಡಿಯುತ್ತದೆ, ಎಳೆಯದೆ ಬಿಡುತ್ತದೆ. ಚೀಲದ ಬಾಯಿ ಕಟ್ಟಿ, ಮೇಷ್ಟ್ರ ಕಡೆ ತಿರುಗುತ್ತಾರೆ.

"ಸರ, ಒಂದ್ ಮಾತು. ಆ ಜೋತ ಆರು ಕೋಲು ನೋಡಿ ಅಲ್ಲಿ ಯಾರರ ಕೇಳಿದ್ರ, ಅವು ಉಸ್ಮಾನ ಹೆಣದಿದ್ದಲ್ಲ ಅಂತ ಹೇಳ್ರಿ."