ಗುಂಡಿಯ ನಡುವಿನ ಬೆಟ್ಟ

ನಮ್ಮ ಅತ್ತಿಗೆಗೆ ಕೂತರೂ ನಿಂತರೂ ಸಮಾಧಾನವಿಲ್ಲ. ಊಟದ ನಡುವೆ ಎದ್ದು ಬಾಗಿಲ ಚಿಲಕ ನೋಡಿ ಬರುತ್ತಾಳೆ. ಬಸ್ಸಿಗೆ ಕಾಯುವಾಗ ನಿಲ್ದಾಣದ ಗೋಡೆಯ ಬಿರುಕನ್ನು ಉಗುರಿನಿಂದ ಕೆರೆಯುತ್ತಾಳೆ. ಅಣ್ಣ ಗಾರೆ ಕೆಲಸದವನು. ಕುದಿಯುವ ಸುಣ್ಣ ಸಿಡಿದು ಅವನ ಕಣ್ಣೆರಡೂ ಹೋದ ಮೇಲೆ ಅವನ ಕರಣೆಯನ್ನು ಅತ್ತಿಗೆ ಕೈಗೆತ್ತಿಕೊಂಡಳು. ಅಣ್ಣ ಕಿಟಕಿ ಪಕ್ಕದ ಕುರ್ಚಿ ಹಿಡಿದ. ಗಾರೆಯ ವಾಸನೆ ಬಂದರೂ ಮುಖ ತಿರುಗಿಸುತ್ತಿದ್ದ. ಅವನು ಮತ್ತೆ ಗಾರೆ ಮುಟ್ಟಬೇಕು ಎಂಬುದೊಂದೇ ಅವಳ ತಲೆ ಕೊರೆಯುತ್ತಿತ್ತು.

ಅಷ್ಟರಲ್ಲಿ ವಿಜ್ಞಾನ ಕೇಂದ್ರದ ಕೆಲಸ ಸಿಕ್ಕಿತು. ಕಣ್ಣಿಲ್ಲದವರು ಮುಟ್ಟಿ ತಿಳಿಯಲೆಂದು ಅಲ್ಲಿ ಚಂದ್ರನ ನೆಲವನ್ನು ಗೋಡೆಯ ಮೇಲೆ ಮಾಡಿಸುತ್ತಿದ್ದರು. ಅಚ್ಚು ಅವರದು, ಎರಕ ಹೊಯ್ದು ನಯ ಮಾಡುವುದು ಅತ್ತಿಗೆಯ ಪಾಲು, ನಾನು ಕೈಯಾಳು. ಅಚ್ಚು ಒಡೆದು ಬಿಡಿಸಿದರೆ ಒಂದೊಂದು ದೊಡ್ಡ ಗುಂಡಿಯ ನಟ್ಟನಡುವೆಯೂ ಒಂದು ದಿಬ್ಬ. ಗಾರೆಯವರ ಕಣ್ಣಿಗೆ ಉಬ್ಬು ಅಂದರೆ ತಪ್ಪು. ಅತ್ತಿಗೆ ಹಿಂದೆ ಮುಂದೆ ನೋಡದೆ ಅಷ್ಟನ್ನೂ ಕೆರೆದು ತಟ್ಟೆಯ ಹಾಗೆ ನುಣ್ಣಗೆ ಮಾಡಿಬಿಟ್ಟಳು.

ಕೇಂದ್ರದ ಮೇಡಂ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತರು.

“ಅದು ತಪ್ಪಲ್ಲಮ್ಮ, ಬೆಟ್ಟ.”

“ಕಲ್ಲು ಬಿದ್ರೆ ಗುಂಡಿ ಬೀಳ್ಬೇಕು. ಬೆಟ್ಟ ಯಾಕೆ ಏಳುತ್ತೆ ಮೇಡಂ?”

ಮೇಡಂ ಬಿಡಿಸಿ ಹೇಳಿದರು. ಆಕಾಶದಿಂದ ಚಂದ್ರನಿಗೆ ಬಡಿಯುವ ಕಲ್ಲು ತಾನು ಬರುವ ವೇಗಕ್ಕೆ ನೆಲವನ್ನು ಅಗೆಯುವುದಿಲ್ಲ, ಸಿಡಿಸುತ್ತದೆ. ಅದಕ್ಕೇ ಓರೆಯಾಗಿ ಬಂದರೂ ಗುಂಡಿ ಸಾಮಾನ್ಯವಾಗಿ ದುಂಡಗೇ ಆಗುತ್ತದೆ. ಚಿಕ್ಕದಾದರೆ ಬರೀ ಬಟ್ಟಲು. ದೊಡ್ಡದಾದರೆ ಅದುಮಿಸಿಕೊಂಡ ತಳದ ಬಂಡೆ ಹಸಿ ಗಾರೆಯಂತೆ ಹರಿದು, ಮೇಲಕ್ಕೆ ಪುಟಿದು, ಹಾಗೇ ನಿಂತುಬಿಡುತ್ತದೆ. ಸುತ್ತಲ ಅಂಚು ಕುಸಿದು ಮೆಟ್ಟಿಲು ಮೆಟ್ಟಿಲಾಗುತ್ತದೆ.

ಅತ್ತಿಗೆ ಉಂಡೆ ಕಟ್ಟಿ ಗುಂಡಿಗಳ ನಟ್ಟನಡುವೆ ಅಂಟಿಸಿದಳು. ಮುಖದ ಮೇಲಿನ ಮೊಡವೆಯ ಹಾಗೆ ಕಂಡವು. ಕಿತ್ತಳು, ಮತ್ತೆ ಅಂಟಿಸಿದಳು, ನನ್ನನ್ನು ಸುಮ್ಮಸುಮ್ಮನೆ ಬೈದಳು. ಕೊನೆಗೆ ಗೋಡೆಗೆ ಇನ್ನೂ ಕೂರಿಸದ ಒಂದು ಎರಕದ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದವಳೇ ಅದನ್ನು ಅಣ್ಣನ ತೊಡೆಯ ಮೇಲಿಟ್ಟಳು.

“ರೀ, ಇದನ್ನ ಮುಟ್ಟಿ ನೋಡಿ.”

ಅಣ್ಣ ಕೈ ಹಿಂದಕ್ಕೆಳೆದುಕೊಂಡ. “ನನಗ್ಯಾಕೆ ಇದೆಲ್ಲ?”

“ಬೆರಳಲ್ಲಿ ನೋಡೋರಿಗೆ ಮಾಡ್ತಿರೋದು. ನನಗೆ ಕಣ್ಣಿದೆ, ಗೊತ್ತಾಗಲ್ಲ.”

ಹೇಳಿದವಳು ನಡುಮನೆಯಲ್ಲಿ ಶತಪಥ ಹಾಕತೊಡಗಿದಳು. ತುಂಬ ಹೊತ್ತಿನ ಮೇಲೆ ಅಣ್ಣನ ಬೆರಳು ಹಲಗೆಯ ಅಂಚು ಹುಡುಕಿತು, ಇಳಿಜಾರು ಇಳಿಯಿತು, ನಡುವಿನ ಉಂಡೆಯ ಹತ್ತಿರ ತಡೆಯಿತು.

“ಇದು ಅಂಟಿಸಿದ್ದು. ಕೆಳಗಿಂದ ಎದ್ದದ್ದಲ್ಲ.”

ಅತ್ತಿಗೆ ಮೇಡಂ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಅಣ್ಣ ಆ ಉಂಡೆಯನ್ನು ಉಗುರಿನಿಂದ ಕಿತ್ತು ಪಕ್ಕಕ್ಕಿಟ್ಟ.

“ಬಟ್ಟೆ ಮೇಲೆ ಹಸಿ ಗಾರೆ ಹರಡು. ಕೆಳಗಿಂದ ನಾನು ಎತ್ತಿ ಹಿಡೀತೀನಿ.”

ಕೂರುವ ಮಣೆ ಕಿತ್ತುಹೋದ ಸ್ಟೂಲಿಗೆ ನಾನು ಬಟ್ಟೆ ಬಿಗಿದೆ. ಅತ್ತಿಗೆ ಅವಸರವಸರವಾಗಿ ಗಾರೆ ಕಲಸಿ ಹರಡಿದಳು. ಅಣ್ಣ ಕೆಳಗಿನಿಂದ ಬೆರಳು ಒತ್ತಿದ. ಗಾರೆ ಮೆಲ್ಲಗೆ ಎದ್ದಿತು, ಎದ್ದ ಹಾಗೇ ಜರ್ರನೆ ಇಳಿದುಬಿಟ್ಟಿತು. ಅಣ್ಣ ಕೈ ಹೊರಗೆ ತೆಗೆದು ಗಾರೆಯನ್ನು ಬೆರಳುಗಳ ನಡುವೆ ಹೊಸಕಿ ನೋಡಿದ.

“ಎಷ್ಟು ನೀರು ಸುರಿದಿದ್ದೀಯ? ಇಷ್ಟು ವರ್ಷ ಆದ್ರೂ ಹದ ಗೊತ್ತಾಗಲ್ವಾ? ಬೋಗುಣಿ ಈ ಕಡೆ ತಾ, ನಾನೇ ಕಲಸ್ತೀನಿ.”

ಬಸ್ ಕಂಡಕ್ಟರಿಗೂ ಎದುರುತ್ತರ ಕೊಡದೆ ಬಿಡದ ಅತ್ತಿಗೆ ಬೋಗುಣಿಯನ್ನು ಅವನ ಕೈಗಿತ್ತಳು. “ನೀರು ತರ್ತೀನಿ,” ಎಂದು ಒಳಗೆ ಹೋದಳು. ಸ್ಟೂಲಿನ ಪಕ್ಕದಲ್ಲಿದ್ದ ನೀರಿನ ಬಕೆಟ್ಟು ತುಂಬಿಯೇ ಇತ್ತು.